ಹಳೇ ಟ್ಯೂಬ್ ಗಡಿಯಾರದ ಕಿಟ್: ನಿಕ್ಸಿಯಾ, ವಿಎಫ್‌ಡಿಯಾ, ನ್ಯೂಮಿಟ್ರಾನಾ?

ನಮಗಾಗಿ ಒಂದೇ ಗಡಿಯಾರ ಮಾಡಿಕೊಳ್ಳುವುದಾದರೆ ಅಂಕಿ ತೋರಿಸುವ ಗಾಜಿನ ಟ್ಯೂಬ್‌ಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ಹಾಕಿದರೆ ಆಯಿತು. ಕಿಟ್ ಮಾಡಿ ಇನ್ನೊಬ್ಬರ ಕೈಗೆ ಕೊಡುವ ಮಾತು ಬೇರೆ. ಜೋಡಿಸುವಾಗ ಅವರಿಗೆ ಶಾಕ್ ಹೊಡೆಯಬಾರದು. ಒಂದು ಟ್ಯೂಬ್ ಕೆಟ್ಟ ಮಾತ್ರಕ್ಕೆ ಇಡೀ ಗಡಿಯಾರ ಮೂಲೆ ಸೇರಬಾರದು. ಇವೆಲ್ಲ ದಶಕಗಳ ಹಿಂದೆ ತಯಾರಾಗಿ ಉಳಿದ ಸೋವಿಯತ್ ಟ್ಯೂಬ್‌ಗಳು. ಇವತ್ತಲ್ಲ ನಾಳೆ ಒಂದಾದರೂ ಕೈಕೊಡುತ್ತದೆ. ಅದಕ್ಕೇ ನಾನು ಚೆಂದ ನೋಡುವ ಮೊದಲು, ಬದಲಾಯಿಸುವುದು ಎಷ್ಟು ಸುಲಭ ಅಂತ ನೋಡಿದೆ.

ಮೊದಲು ನಿಕ್ಸಿ. ಗಾಜಿನೊಳಗೆ ನಿಯಾನ್ ಅನಿಲ, ಅದರಲ್ಲಿ ಒಂದರ ಹಿಂದೆ ಒಂದು ನಿಂತ ಹತ್ತು ಲೋಹದ ಅಂಕಿಗಳು. ಯಾವ ಅಂಕಿಗೆ ಕರೆಂಟ್ ಹರಿಯುತ್ತದೋ ಅದರ ಸುತ್ತ ಕಿತ್ತಳೆ ಬೆಳಕು. ಬರೋಸ್ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಗೆ ಇವತ್ತಿಗೂ ಬೇಡಿಕೆ ಜಾಸ್ತಿ. ಅಂಕಿ ಬದಲಾದಾಗ ಬೆಳಕು ಮುಂದಕ್ಕೂ ಹಿಂದಕ್ಕೂ ಸರಿಯುವುದನ್ನು ಒಮ್ಮೆ ನೋಡಿದವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ.

ನಿಕ್ಸಿಗಳಲ್ಲಿ ಹೋಲಿಸಬೇಕಾದದ್ದು ಐಎನ್-14 ಮತ್ತು ಐಎನ್-12 ಅನ್ನುವ ಎರಡು ಮಾದರಿ. ಐಎನ್-14 ನೆಟ್ಟಗೆ ನಿಲ್ಲುತ್ತದೆ, ಅಂಕಿ ಪಕ್ಕದಿಂದ ಕಾಣುತ್ತದೆ, ಫೋಟೋದಲ್ಲಿ ಬಹಳ ಚೆಂದ. ಆದರೆ ಬುಡದಿಂದ ಇಳಿಬಿದ್ದ ತೆಳು ತಂತಿಗಳನ್ನೆಲ್ಲ ಒಟ್ಟಿಗೆ ಬೋರ್ಡಿನ ತೂತುಗಳಿಗೆ ಪೋಣಿಸಬೇಕು. ಒಂದು ಒಳಗೆ ಹೋಗುವಷ್ಟರಲ್ಲಿ ಇನ್ನೊಂದು ಹೊರಗೆ ಬರುತ್ತದೆ. ತಂತಿಗಳನ್ನು ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಗಿಡ್ಡ ಕತ್ತರಿಸಿಕೊಂಡರೆ ಸ್ವಲ್ಪ ಸುಲಭ. ಟ್ಯೂಬ್ ನೆಟ್ಟಗಿದೆಯಾ ಅಂತ ನೋಡಿಯೇ ಎಲ್ಲಕ್ಕೂ ಬೆಸುಗೆ ಹಾಕಬೇಕು. ಮುಂದೆ ಅದು ಕೆಟ್ಟರೆ? ಅಷ್ಟೂ ಬೆಸುಗೆ ಬಿಡಿಸಬೇಕು. ಅಷ್ಟರಲ್ಲಿ ಬೋರ್ಡಿನ ತಾಮ್ರದ ಪ್ಯಾಡೇ ಎದ್ದು ಬರುತ್ತದೆ. ಹೊಸಬರಿಂದ ಇದನ್ನು ಕೇಳುವುದು ಅನ್ಯಾಯ.

ಐಎನ್-12 ಎದುರಿನಿಂದ ನೋಡುವ ಟ್ಯೂಬ್. ಹಿಂದೆ ಗಟ್ಟಿ ಪಿನ್‌ಗಳಿವೆ, ಸಾಕೆಟ್‌ಗೆ ಒತ್ತಿದರೆ ಕೂತುಬಿಡುತ್ತದೆ. ಕೆಟ್ಟರೆ ಎಳೆದು ಇನ್ನೊಂದು ಹಾಕಿ, ಅಷ್ಟೇ. ಇದರ 5ನ್ನು ಗಮನಿಸಿ ನೋಡಿ, ತಲೆಕೆಳಗಾದ 2 ಅದು. ಕೆಲವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ, ನನಗೆ ಇಷ್ಟ.

ಎರಡಕ್ಕೂ ಇರುವ ದೊಡ್ಡ ತೊಡಕು ವೋಲ್ಟೇಜ್. ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಬೇಕು. ನಾನು 12 ವೋಲ್ಟಿನಿಂದ 180ಕ್ಕೆ ಏರಿಸುವ ಸರ್ಕ್ಯೂಟ್ ಇಟ್ಟೆ. ಉರಿಯುತ್ತಿರುವ ಟ್ಯೂಬಿನಲ್ಲಿ 140 ವೋಲ್ಟ್ ಇಳಿಯುತ್ತದೆ ಅಂತಿಟ್ಟುಕೊಂಡರೆ ಉಳಿದ 40 ವೋಲ್ಟನ್ನು ಆನೋಡ್ ರೆಸಿಸ್ಟರ್, ಅಂದರೆ ಟ್ಯೂಬಿಗೆ ಹೋಗುವ ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್, ತಾಳಬೇಕು. 2.5 ಮಿಲಿಆಂಪ್‌ಗೆ ಲೆಕ್ಕ ಹಾಕಿದರೆ 16 ಕಿಲೋಓಮ್. ಲೆಕ್ಕ ಸುಲಭವೇ, ಭಯ ಇರುವುದು ಆ ಸರ್ಕ್ಯೂಟಿನ ಕೆಪಾಸಿಟರ್‌ನದು. ಪ್ಲಗ್ ಕಿತ್ತ ಮೇಲೂ ಅದು ಚಾರ್ಜ್ ಹಿಡಿದುಕೊಂಡಿರುತ್ತದೆ. 4.7 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಡ್ಡಲಾಗಿ 470 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಹತ್ತು ಸೆಕೆಂಡಿನೊಳಗೆ ಖಾಲಿಯಾಗುತ್ತದೆ. ಇಷ್ಟು ಸಣ್ಣ ಭಾಗವನ್ನು ಬಿಟ್ಟ ಕಿಟ್‌ಗಳನ್ನು ನೋಡಿದ್ದೇನೆ, ದಯವಿಟ್ಟು ಬಿಡಬೇಡಿ.

ನಿಕ್ಸಿಗೆ ಇನ್ನೊಂದು ಕಾಯಿಲೆ ಇದೆ. 24 ಗಂಟೆಯ ಗಡಿಯಾರದಲ್ಲಿ ಮೊದಲ ಟ್ಯೂಬ್ 0, 1, 2 ಬಿಟ್ಟು ಬೇರೇನೂ ತೋರಿಸುವುದಿಲ್ಲ. ಉರಿಯುವ ಅಂಕಿಯಿಂದ ಹಾರಿದ ಲೋಹ ಉರಿಯದ ಅಂಕಿಗಳ ಮೇಲೆ ಕೂರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟು ಮುಂದೆ ಆ ಅಂಕಿ ಬೆಳಗಿಸಿದರೆ ಅರ್ಧಕ್ಕಷ್ಟೇ ಬೆಳಕು ಬರುತ್ತದೆ. ಮದ್ದು ಪ್ರೋಗ್ರಾಮಿನಲ್ಲಿದೆ: ರಾತ್ರಿ ಎಲ್ಲರೂ ಮಲಗಿರುವಾಗ ಕೆಲವು ನಿಮಿಷ ಎಲ್ಲ ಅಂಕಿಗಳನ್ನೂ ಸರದಿಯಲ್ಲಿ ಉರಿಸುವುದು.

ಇನ್ನು ವಿಎಫ್‌ಡಿ (ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್‌ಪ್ಲೇ), ಹಸಿರು-ನೀಲಿ ಬೆಳಕಿನದು. ಇದರಲ್ಲಿ ಅಂಕಿ ಮೂಡುವುದು ಬೆಳಗುವ ಸಣ್ಣ ಗೆರೆಗಳಿಂದ. ಇದರ ಐವಿ-11 ಮಾದರಿಗೆ ಸುಮಾರು 25 ವೋಲ್ಟ್ ಸಾಕು, ಶಾಕ್‌ನ ಭಯವಿಲ್ಲ. ಹಗಲಲ್ಲೂ ಸ್ಪಷ್ಟ. ಓದಲು ಇದಕ್ಕಿಂತ ಒಳ್ಳೆಯದು ಈ ಗುಂಪಿನಲ್ಲಿಲ್ಲ. ಕಿರಿಕಿರಿ ಫಿಲಮೆಂಟಿನದು, ಅಂದರೆ ಟ್ಯೂಬಿನೊಳಗೆ ಕಾಯುವ ತೆಳು ತಂತಿಯದು. ಒಂದೊಂದಕ್ಕೂ 1.5 ವೋಲ್ಟ್, 100 ಮಿಲಿಆಂಪ್ ಬೇಕು. ವಯರ್ ಉಳಿಸಲು ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಪ್ರತಿ ಟ್ಯೂಬಿನ ಫಿಲಮೆಂಟ್ ಬೇರೆ ಬೇರೆ ವೋಲ್ಟೇಜಿನಲ್ಲಿ ಕೂರುತ್ತದೆ. ಆಗ ಒಂದು ತುದಿಯ ಅಂಕಿ ಪ್ರಕಾಶ, ಇನ್ನೊಂದು ತುದಿಯದು ಮಂಕು. ಸಮಾನಾಂತರವೇ ಸರಿ. ಇದಕ್ಕೂ ತಂತಿ ಕಾಲುಗಳೇ, ಐಎನ್-14ರ ಗೋಳು ಇಲ್ಲೂ ತಪ್ಪಲಿಲ್ಲ. ಹೆಚ್ಚು ಓಡಿದ ಟ್ಯೂಬಾದರೆ ಬೆಳಕು ಕೊಡುವ ಲೇಪ, ಫಾಸ್ಫರ್, ಸವೆದಿರುತ್ತದೆ, ಒಂದೇ ಅಂಕಿಯಲ್ಲಿ ಗೆರೆಯಿಂದ ಗೆರೆಗೆ ಬೆಳಕು ಬೇರೆ.

ಇನ್ನೊಂದು ವಿಎಫ್‌ಡಿ ಐವಿ-18ರಲ್ಲಿ ಎಲ್ಲ ಅಂಕಿಗಳೂ ಒಂದೇ ಉದ್ದ ಗಾಜಿನೊಳಗಿವೆ. ಬೋರ್ಡ್ ಚಿಕ್ಕದಾಗುತ್ತದೆ, ಖರ್ಚೂ ಕಡಿಮೆ. ಆದರೆ ಗಾಜು ಒಡೆಯಿತೋ, ಗಡಿಯಾರವೇ ಮುಗಿಯಿತು.

ನ್ಯೂಮಿಟ್ರಾನ್ ಐವಿ-9 ಎಲ್ಲಕ್ಕಿಂತ ಸರಳ. ಒಳಗಿರುವುದು ಬಲ್ಬಿನಲ್ಲಿರುವಂಥ ಕೆಂಪಗೆ ಕಾಯುವ ತಂತಿಗಳು, 5 ವೋಲ್ಟ್ ಒಳಗೇ ಕೆಲಸ ಮುಗಿಯುತ್ತದೆ. ಒಂದು ಗೆರೆಗೆ ಸುಮಾರು 20 ಮಿಲಿಆಂಪ್. 8 ಬರೆದರೆ ಏಳು ಗೆರೆ, 140 ಮಿಲಿಆಂಪ್. ಗೆರೆಗಳನ್ನು ನಡೆಸಲು ಎಲ್ಲರೂ ಸುಮ್ನೆ ಎತ್ತಿಕೊಳ್ಳುವ ಚಿಪ್ 74ಎಚ್‌ಸಿ595 ಒಟ್ಟು 70ಕ್ಕಷ್ಟೇ ತಾಳುತ್ತದೆ, ಆದ್ದರಿಂದ ಟಿಪಿಐಸಿ6ಬಿ595 ಹಾಕಿ. ಮಲ್ಟಿಪ್ಲೆಕ್ಸ್ ಮಾಡಲು, ಅಂದರೆ ಒಂದೇ ವಯರುಗಳನ್ನು ಹಂಚಿಕೊಂಡು ಅಂಕಿಗಳನ್ನು ಸರದಿಯಲ್ಲಿ ಬೇಗ ಬೇಗ ಬೆಳಗಿಸಲು ಹೋದರೆ ಕರೆಂಟ್ ಬೇರೆ ತಂತಿಗಳ ಮೂಲಕ ಹಿಂದಕ್ಕೆ ನುಸುಳಿ ಎಲ್ಲವೂ ಮಿಣಮಿಣ ಅನ್ನುತ್ತದೆ. ಪ್ರತಿ ಗೆರೆಗೂ ಬೇರೆ ದಾರಿ ಕೊಡುವುದೇ ನೆಮ್ಮದಿ. ಅಂಕಿ ಸಣ್ಣದು, ಮೇಜಿನ ಮೇಲಷ್ಟೇ ಸರಿ. ಶಾಲೆಯ ಮಕ್ಕಳಿಗೆ ಕಲಿಸುವುದಾದರೆ ನಾನು ಇದನ್ನೇ ಕೊಡುತ್ತೇನೆ.

ದೊಡ್ಡವರ ಕಿಟ್‌ಗೆ ನನ್ನ ಆಯ್ಕೆ ಐಎನ್-12, ಅದೂ ನಾಲ್ಕೇ ಅಂಕಿಯದು. ಟ್ಯೂಬ್ ಎರಡು ಕಡಿಮೆಯಾದರೆ ದುಡ್ಡೂ ಉಳಿಯುತ್ತದೆ, ಸೆಕೆಂಡ್ ನೋಡುವವರು ಯಾರು ಅಲ್ವಾ? 180 ವೋಲ್ಟಿನ ಭಾಗವನ್ನು ಜೋಡಿಸಿ, ಪರೀಕ್ಷಿಸಿ, ಮುಚ್ಚಿಯೇ ಕೊಡಬೇಕು. ಅಂಕಿಗಳನ್ನು ನಡೆಸಲು ಟ್ಯೂಬಿಗೊಂದು ಕೆ155ಐಡಿ1 ಚಿಪ್, ಸಮಯಕ್ಕೆ ಡಿಎಸ್3231. ಈ ಚಿಪ್ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ತಪ್ಪುತ್ತದೆ. ಡಬ್ಬಿಯಲ್ಲಿ ಐದನೆಯ ಟ್ಯೂಬ್ ಒಂದು ಇರಲೇಬೇಕು.