ಮೇಲೆ ಥಳುಕು, ಒಳಗೆ ಹುಳುಕು: ಹಳೇ ದಾಟ್ಸನ್ ರಿಸ್ಟೋರೇಶನ್‌ಗೆ ಕೊಡೋ ಮುಂಚೆ ಇದನ್ನ ಓದಿ

ಡೆಟ್ರಾಯಿಟ್ ಸುತ್ತಮುತ್ತ ಹಳೇ ಕಾರಿನ ಹುಚ್ಚು ಹತ್ತಿಸ್ಕೊಂಡಿರೋ ನಮ್ಮವರು ಸುಮಾರು ಜನ ಇದ್ದೀರಿ. ಗ್ಯಾರೇಜಲ್ಲಿ ಒಂದು ದಾಟ್ಸನ್ನೋ ಸೆಲಿಕಾನೋ ಮುಸುಕು ಹಾಕಿ ನಿಲ್ಲಿಸ್ಕೊಂಡು "ಯಾರಿಗಾದ್ರೂ ಕೊಟ್ಟು ಮಾಡಿಸ್ಬೇಕು" ಅಂತ ಕಾಯ್ತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಆಮೇಲೆ ಕೊಡಿ. ನನಗೆ ಬಿದ್ದಿರೋದು ಸಣ್ಣ ಟೋಪಿ ಅಲ್ಲ. ಬರೆಯೋಕೆ ನಾಚಿಕೆ ಆಗ್ತಿದೆ, ಬರೀದೇ ಇದ್ರೆ ಹೊಟ್ಟೆ ಉರಿ ಆರಲ್ಲ.

ವಿಷಯ ಇಷ್ಟು. ಫ್ಲೋರ್, ಅದರ ಕೆಳಗೆ ಭಾರ ಹೊರೋ ಉದ್ದ ತೊಲೆಯಂಥ ಫ್ರೇಮ್ ರೈಲ್ ಎಲ್ಲ ಕತ್ತರಿಸಿ ತೆಗೆದು ಹೊಸ ಸ್ಟೀಲ್ ವೆಲ್ಡ್ ಮಾಡಿದೀನಿ ಅಂತ ದುಡ್ಡು ಎಣಿಸ್ಕೊಂಡ ಶಾಪಿನವನು ತುಕ್ಕನ್ನ ಹಾಗೇ ಬಿಟ್ಟು, ಅದರ ಮೇಲೆ ತಗಡು ಹೊಡೆದು, ಕಪ್ಪು ಬಳಿದು ವಾಪಸ್ ಕೊಟ್ಟಿದ್ದಾನೆ. ಮೇಲಿನ ಬಣ್ಣ ಮಾತ್ರ ಫಳಫಳ. ಯಾರು ನೋಡಿದ್ರೂ "ವಾವ್" ಅಂತಾರೆ. ನಾನೂ ಅಂದಿದ್ದೆ.

ನನ್ನದು 1972ರ ದಾಟ್ಸನ್ 240ಝೀ, ನಿಸ್ಸಾನ್ ಕಂಪನಿ ದಾಟ್ಸನ್ ಹೆಸರಲ್ಲಿ ಮಾರ್ತಿದ್ದ ಸ್ಪೋರ್ಟ್ಸ್ ಕಾರು. ಕಂಪನಿಯ 918 ನಂಬರಿನ ಕಿತ್ತಳೆ ಬಣ್ಣ. ಈ ಬಣ್ಣದ ವಿಷಯ ಆಮೇಲೆ ಬರುತ್ತೆ, ನೆನಪಿಟ್ಕೊಳ್ಳಿ. ತುಕ್ಕು ಹಿಡಿದಿದೆ ಅಂತ ಗೊತ್ತಿದ್ದೇ ತಗೊಂಡಿದ್ದು. ಮಾರಿದ ಅಜ್ಜ ಏನೂ ಮುಚ್ಚಿಡಲಿಲ್ಲ, ಅವರೇ ಕಾರ್ಪೆಟ್ ಎತ್ತಿ ತೂತು ತೋರಿಸಿದ್ರು. ಅವರ ಮೇಲೆ ನನ್ನದೇನೂ ತಕರಾರಿಲ್ಲ. ಎಂಜಿನ್ ಗಟ್ಟಿ ಇತ್ತು, ಬಾಡಿ ಸರಿ ಮಾಡಿಸಿದ್ರೆ ಸಾಕು ಅನ್ನೋ ಲೆಕ್ಕ.

ಝೀ ಕಾರು ಇಟ್ಕೊಂಡೋರಿಗೆ ಇದೇನೂ ಹೊಸದಲ್ಲ. ಈ ಕಾರಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿನೇ ಚಾಸಿ. ತಗಡು ತೆಳು. ಬಲಗಡೆ ಮೂಲೇಲಿ ಬ್ಯಾಟರಿ ಕೂರೋ ತಟ್ಟೆ ಇದೆಯಲ್ಲ, ಅಲ್ಲಿಂದ ಆಸಿಡ್ ತೊಟ್ಟಿಕ್ಕಿ ನೇರ ಕೆಳಗಿನ ರೈಲನ್ನ ತಿನ್ನುತ್ತೆ. ಒಳಗೆ ಸದ್ದು ತಡೆಯೋಕೆ ಅಂತ ಫ್ಲೋರ್ ಮೇಲೆ ಕಂಪನಿಯವರೇ ಡಾಂಬರಿನ ಹಾಳೆ ಅಂಟಿಸಿರ್ತಾರೆ. ಅದರ ಕೆಳಗೆ ಒಂದು ಸಲ ನೀರು ನುಗ್ಗಿದ್ರೆ ಆಚೆ ಬರಲ್ಲ, ಒಳಗೊಳಗೇ ಕೊಳೆಸುತ್ತೆ. ಬಾಗಿಲ ಹಿಂದೆ, ಹಿಂದಿನ ಚಕ್ರದ ಮುಂದೆ ಇರೋ, ಡಾಗ್ ಲೆಗ್ ಅಂತ ಕರೆಯೋ ಬಾಡಿ ಭಾಗ ಅಂತೂ ಕೇಳೋದೇ ಬೇಡ. ಜೊತೆಗೆ ಮಿಷಿಗನ್ ಚಳಿಗಾಲ. ಡೆಟ್ರಾಯಿಟ್ ಊರಿನ ಅಡಿಯಲ್ಲೇ ಉಪ್ಪಿನ ಗಣಿ ಇದೆ, ರಸ್ತೆಗೆ ಸುರಿಯೋಕೆ ಇಲ್ಲಿ ಉಪ್ಪಿಗೇನು ಬರ? ಆ ರೈಲ್ ಕೊಳೆತ್ರೆ ಬರೀ ಅಂದಗೇಡು ಅಂದ್ಕೋಬೇಡಿ. ಮುಂದಿನ ಸಸ್ಪೆನ್ಶನ್ನಲ್ಲಿ ಚಕ್ರ ಜಾಗ ಬಿಟ್ಟು ಸರಿಯದ ಹಾಗೆ ಹಿಡಿಯೋ ಟೆನ್ಶನ್ ರಾಡ್ ಬಂದು ಕೂರೋದೇ ಅದರ ಬುಡದಲ್ಲಿ. ಜೀವದ ಪ್ರಶ್ನೆ ಅದು.

ಶಾಪಿನವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಮೊದಲನೇ ದಿನ ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಒಂದೊಂದೇ ಜಾಗ ತೋರಿಸಿ ಅವನೇ ವಿವರಿಸಿದ. ಮಾತು ಅಂದ್ರೆ ಮಾತು! ಅಮೆರಿಕದಲ್ಲಿ ನಿಸ್ಸಾನ್ ಕಂಪನಿ ನಡೆಸ್ತಿದ್ದ ಯುಟಾಕಾ ಕಟಾಯಾಮಾ, ಜಪಾನಲ್ಲಿ ಈ ಕಾರಿಗಿದ್ದ 'ಫೇರ್‌ಲೇಡಿ' ಅನ್ನೋ ಹೆಸರು ಇಲ್ಲಿ ನಡೆಯಲ್ಲ ಅಂತ ಕಿತ್ತು 240ಝೀ ಅಂತ ಬ್ಯಾಡ್ಜ್ ಹಾಕಿಸಿದ ಕಥೆ ಹೇಳಿದ. 2020ರ ಜನವರಿಯಲ್ಲಿ ಒಂದು 240ಝೀ ಆನ್‌ಲೈನ್ ಹರಾಜಲ್ಲಿ 3,10,000 ಡಾಲರಿಗೆ ಹೋಗಿದ್ದನ್ನ ಫೋನಲ್ಲಿ ತೆಗೆದು ತೋರಿಸಿದ. ಹೊಸದರಲ್ಲಿ 3,526 ಡಾಲರ್ ಇದ್ದ ಕಾರು. "ನಿಮ್ಮದೂ ಬಂಗಾರ, ಅಡಿಪಾಯ ಒಂದು ಸರಿಯಾಗಲಿ" ಅಂದ. ಹೀಗೆ ಮೂಗಿಗೆ ತುಪ್ಪ ಸವರಿದ ಮೇಲೆ ಎಸ್ಟಿಮೇಟ್ ಕೊಟ್ಟ. ತಗಡಿನ ಕೆಲಸಕ್ಕೇ 14,000 ಡಾಲರ್, ಬಣ್ಣ ಬೇರೆ. ಎರಡೂ ಕಡೆ ಫ್ಲೋರ್, ಎರಡೂ ರೈಲ್, ಬ್ಯಾಟರಿ ತಟ್ಟೆ, ಡಾಗ್ ಲೆಗ್, ಎಲ್ಲ ಹೊಸದು ಅಂತ ಅವನ ಕೈಬರಹದಲ್ಲೇ ಇದೆ. ಕಾಗದ ಇನ್ನೂ ನನ್ನ ಹತ್ರ ಭದ್ರವಾಗಿದೆ.

ಕ್ರೆಡಿಟ್ ಕಾರ್ಡ್ ತಗೋತೀರಾ ಅಂದೆ. "ತಗೋತೀವಿ, ಮೂರು ಪರ್ಸೆಂಟ್ ಜಾಸ್ತಿ ಬೀಳುತ್ತೆ, ನಿಮಗ್ಯಾಕೆ ಸುಮ್ನೆ ನಷ್ಟ, ಚೆಕ್ ಕೊಟ್ಬಿಡಿ" ಅಂದ. ನನ್ನ ದುಡ್ಡು ಉಳಿಸೋ ಕಾಳಜಿ ನೋಡಿ! ಕಾರ್ಡಲ್ಲಿ ಕೊಟ್ಟಿದ್ರೆ ಇವತ್ತು ಬ್ಯಾಂಕಿಗಾದ್ರೂ ಹೇಳಿ ದುಡ್ಡು ವಾಪಸ್ ಕೇಳಬಹುದಿತ್ತು.

ವುಡ್‌ವರ್ಡ್ ಡ್ರೀಮ್ ಕ್ರೂಸ್ ಹೊತ್ತಿಗೆ ಕೊಡ್ತೀನಿ ಅಂದಿದ್ದ. ಇಲ್ಲಿರೋರಿಗೆ ಗೊತ್ತು, ಆಗಸ್ಟ್ ಮೂರನೇ ಶನಿವಾರ ಊರಿನ ಹಳೇ ಕಾರೆಲ್ಲ ವುಡ್‌ವರ್ಡ್ ಅವೆನ್ಯೂಗೆ ಇಳಿಯುತ್ತೆ. ಆ ಆಗಸ್ಟ್ ಹೋಯ್ತು. ಫೋನ್ ಮಾಡಿದ್ರೆ ಪಾರ್ಟ್ಸ್ ಬಂದಿಲ್ಲ, ವೆಲ್ಡರ್ ರಜೆ, ಹೆಂಡತಿಗೆ ಆಪರೇಷನ್. ನಾನೂ ಸರಿ ಸರಿ ಅಂತಿದ್ದೆ, ಯಾಕಂದ್ರೆ ಮಧ್ಯೆ ಮಧ್ಯೆ ಫೋಟೋ ಕಳಿಸ್ತಿದ್ದ. ಏನು ಫೋಟೋ ಅಂತೀರಿ! ಫ್ಲೋರ್ ಪೂರ್ತಿ ಕತ್ತರಿಸಿ ಕೆಳಗಿನ ನೆಲ ಕಾಣೋದು, ಹೊಸ ರೈಲ್ ಕ್ಲಾಂಪ್ ಹಾಕಿ ಕೂರಿಸಿರೋದು, ಸಾಲಾಗಿ ವೆಲ್ಡಿಂಗ್ ಚುಕ್ಕೆ, ಮೇಲೆ ಬೂದು ಪ್ರೈಮರ್. ನಾನು ಆ ಫೋಟೋಗಳನ್ನ ಯುಗಾದಿ ಊಟಕ್ಕೆ ಸೇರಿದ್ದಾಗ ಎಲ್ರಿಗೂ ತೋರಿಸ್ಕೊಂಡು ಓಡಾಡಿದೆ. ಬೆಂಗಳೂರಿಂದ ಬಂದಿದ್ದ ಮಾವನವರಿಗೂ ತೋರಿಸಿ, "ನೋಡಿ, ಇಲ್ಲಿ ಕೆಲಸ ಅಂದ್ರೆ ಹೀಗೆ, ಜೆ.ಸಿ. ರೋಡ್ ಟಿಂಕರಿಂಗ್ ಥರ ಅಲ್ಲ" ಅಂದಿದ್ದೆ. ಅವರು ಸುಮ್ನೆ ನೋಡಿ ಒಬ್ಬಟ್ಟು ತಿಂತಾ ಕೂತಿದ್ರು.

ಕೊನೆಗೂ ಕಾರು ಬಂತು. ಕಿತ್ತಳೆ ಬಣ್ಣ ಬೆಂಕಿ. ಕೆಳಗೆ ಬಗ್ಗಿ ನೋಡಿದೆ, ಎಲ್ಲ ಕಡೆ ತುಕ್ಕು ತಡೆಯೋಕೆ ಬಳಿಯೋ ದಪ್ಪ ಕಪ್ಪು ಅಂಡರ್‌ಕೋಟ್. "ಇನ್ನು ಇಪ್ಪತ್ತು ವರ್ಷ ನೀರು ಮುಟ್ಟಲ್ಲ" ಅಂದ. ಉಳಿದ ದುಡ್ಡು ಕೊಟ್ಟು ಕೈ ಕುಲುಕಿ ಬಂದೆ. ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಐ-75 ಹೈವೇಲಿ ಓಡಿಸಿದೀನಿ ಈ ಕಾರನ್ನ. ಈಗ ನೆನಪಾದ್ರೆ ಮೈ ಜುಮ್ ಅನ್ನುತ್ತೆ.

ಗೊತ್ತಾಗಿದ್ದು ಸೈಲೆನ್ಸರ್ ಹಾಕಿಸೋಕೆ ಬೇರೆ ಕಡೆ ಹೋದಾಗ. ಅಲ್ಲೊಬ್ಬರು ವಯಸ್ಸಾದ ಮೆಕ್ಯಾನಿಕ್, ಬಾಯಲ್ಲಿ ಎರಡು ಮಾತಿಲ್ಲ. ಲಿಫ್ಟ್ ಮೇಲೆ ಏರಿಸಿ, ಸಣ್ಣ ಸುತ್ತಿಗೆ ತಗೊಂಡು ಕೆಳಗಿಂದ ಕುಟ್ಟುತ್ತಾ ಬಂದ್ರು. ಮುಂದೆ ಟಣ್ ಟಣ್. ಸೀಟಿನ ಕೆಳಗೆ ಬಂದಾಗ ದಪ್. ಮತ್ತೆ ಕುಟ್ಟಿದ್ರು, ದಪ್. ನನ್ನ ಮುಖ ನೋಡಿ "ತೆಗೀಲಾ?" ಅಂತ ಕೇಳಿದ್ರು. ಹೂಂ ಅಂದೆ. ಸ್ಕ್ರೂಡ್ರೈವರ್ ತುದಿಯಿಂದ ಕಪ್ಪನ್ನ ಕೆರೆದ್ರೆ ಕೆಳಗೆ ರಿವೆಟ್ ತಲೆ. ಹೌದು, ರಿವೆಟ್! ವೆಲ್ಡಿಂಗ್ ಅಲ್ಲ. ಒಂದು, ಅದರ ಪಕ್ಕ ಇನ್ನೊಂದು. ಅಂಚಿಗೆ ಬೆರಳು ದಪ್ಪ ಸೀಲರ್ ಮೆತ್ತಿದ್ದ. ಅದನ್ನ ಎಬ್ಬಿಸಿದ್ರೆ ಒಳಗೆ ಮನೆ ಹೀಟರ್ ಡಕ್ಟಿಗೆ ಹಾಕ್ತಾರಲ್ಲ, ಆ ಹೊಳೆಯೋ ತಗಡು. ಅದರ ಹಿಂದೆ ನನ್ನ ಹಳೇ ರೈಲ್, ಅಜ್ಜ ತೋರಿಸಿದ್ದ ಅದೇ ತೂತಿನ ಜೊತೆ. ಸ್ಕ್ರೂಡ್ರೈವರ್ ಹಿಡಿ ತನಕ ಒಳಗೆ ಹೋಯ್ತು. ಒದ್ದೆ ಕಂದು ಪುಡಿ ಉದುರಿ ಅವರ ತೋಳಿನ ಮೇಲೆ ಬಿತ್ತು. ಡಾಗ್ ಲೆಗ್ ಹತ್ರ ಕೆರೆದ್ರೆ ಕಿಟಕಿ ಸಂದಿಗೆ ತುಂಬೋ ಹಳದಿ ಫೋಮ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಆ ಬೆಂಕಿ ಬಣ್ಣ. ಆ ಫೋಮ್ ನೀರು ಹೀರಿ ಇಟ್ಕೊಂಡಿತ್ತು. ಒತ್ತಿದ್ರೆ ಒಸರ್ತಿತ್ತು.

ನಾನು ಆಗಲೂ ನಂಬಲಿಲ್ಲ. "ಇಲ್ಲ ಇಲ್ಲ, ನನ್ನ ಹತ್ರ ಫೋಟೋ ಇದೆ" ಅಂತ ಫೋನ್ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸ್ಕೊಂಡು ದೊಡ್ಡದು ಮಾಡಿ ನೋಡಿದ್ರು. ಆಮೇಲೆ ಫೋನ್ ವಾಪಸ್ ಕೊಟ್ಟು, "ಇದು ನಿನ್ನ ಕಾರಲ್ಲ" ಅಂದ್ರು.

240ಝೀಯಲ್ಲಿ ಫ್ಲೋರ್ ಕೆಳಗಿನ ರೈಲ್ ಗಿಡ್ಡ, ಮಧ್ಯಕ್ಕೇ ನಿಲ್ಲುತ್ತೆ. 1975ರಿಂದ 78ರ ತನಕ ಬಂದ 280ಝೀಯಲ್ಲಿ ಅದು ಉದ್ದ, ಹಿಂದಿನ ತನಕ ಹೋಗುತ್ತೆ. ಫೋಟೋದಲ್ಲಿ ಇದ್ದಿದ್ದು ಉದ್ದ ರೈಲು. ಅಷ್ಟೇ ಅಲ್ಲ, ಪ್ರೈಮರ್ ಬಳಿಯದ ಒಂದು ಮೂಲೇಲಿ, ಗೇರ್‌ಬಾಕ್ಸ್ ಟನೆಲ್ ಪಕ್ಕ, ಬೆರಳಗಲ ನೀಲಿ ಬಣ್ಣ ಕಾಣ್ತಿತ್ತು. ನನ್ನದು ಕಿತ್ತಳೆ! ಅಷ್ಟು ತಿಂಗಳು ಕಣ್ಣೆದುರಿಗೇ ಇತ್ತು ಆ ನೀಲಿ. ಊಟದ ಮನೆಯಲ್ಲಿ ಅಷ್ಟು ಜನ ನೋಡಿದ್ರು, ಮಾವ ನೋಡಿದ್ರು. ಯಾರದೋ ಕಾರಿನ ಹೊಟ್ಟೆ ತೋರಿಸ್ಕೊಂಡು ನಾನು ಬೀಗ್ತಿದ್ದೆ. ಬೇರೆಯವನ ಕಾರಿಗೆ ಒಳ್ಳೇ ಕೆಲಸ ಮಾಡಿ, ಅದರ ಫೋಟೋ ನನಗೆ ಕಳಿಸಿ, ನನ್ನ ಕಾರಿಗೆ ಡಕ್ಟ್ ತಗಡು ಹೊಡೆದಿದ್ದಾನೆ. ಕಿವಿ ಮೇಲೆ ಹೂವು ಇಡೋದು ಅಂದ್ರೆ ಇದೇ.

ಈಗ ಅವನ ಉತ್ತರ ಕೇಳಿ. ಫೋನ್ ಮಾಡಿದ ತಕ್ಷಣ, "ಹೇ ಫ್ರೆಂಡ್, ಹೇಗಿದೆ ಝೀ?" ವಿಷಯ ಹೇಳಿದೆ. ಫೋಟೋಗೆ ಉತ್ತರ: "ಅದು ರೆಫರೆನ್ಸ್ ಫೋಟೋ, ನಾವು ಹೇಗೆ ಮಾಡ್ತೀವಿ ಅಂತ ಕಸ್ಟಮರ್‌ಗೆ ತೋರಿಸೋಕೆ." ರೆಫರೆನ್ಸ್ ಅಂತೆ! ಕಳಿಸುವಾಗ ಕೆಳಗೆ ಬರೆದಿದ್ದು "ಯುವರ್ ಫ್ಲೋರ್ಸ್ ಆರ್ ಇನ್", ಅಂದ್ರೆ ನಿಮ್ಮ ಫ್ಲೋರ್ ಕೂರಿಸಿ ಆಯ್ತು ಅಂತ. ಅದನ್ನ ಓದಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಆ ಹುಡುಗ ಈಗ ನಮ್ಮಲ್ಲಿ ಇಲ್ಲ" ಅಂದ. ರಿವೆಟ್ ಯಾಕೆ ಅಂದ್ರೆ, "ನೀವು ಶೋ ಕಾರ್ ಕೇಳಿರ್ಲಿಲ್ಲ, ಡ್ರೈವರ್ ಕ್ವಾಲಿಟಿ, ಬರೀ ಓಡಿಸೋಕೆ ಸಾಕಾಗೋದು ಕೇಳಿದ್ರಿ." ಡ್ರೈವರ್ ಕ್ವಾಲಿಟಿ ಅಂದ್ರೆ ಓಡಿಸುವಾಗ ಕಾಲು ರಸ್ತೆಗೆ ಇಳೀಬೇಕಾ? ಹೊಸ ಸ್ಟೀಲ್ ಅಂತ ನೀನೇ ಬರೆದಿದ್ದೀಯಲ್ಲ ಅಂದೆ. "ತಗಡೂ ಸ್ಟೀಲೇ, ಹೊಸದೇ" ಅಂದ. ಸತ್ಯವಾಗ್ಲೂ ಹೀಗೇ ಅಂದ. ನನ್ನ ಹೆಂಡತಿ ಸ್ಪೀಕರ್‌ನಲ್ಲಿ ಕೇಳ್ತಿದ್ಲು, ಸಿಟ್ಟಿನ ಮಧ್ಯೆ ಅವಳಿಗೆ ನಗು ಬಂತು.

ಆಮೇಲೆ ದನಿ ಬದಲಾಯ್ತು. "ಇಟ್ಸ್ ಎ ಫಿಫ್ಟಿ ಇಯರ್ ಓಲ್ಡ್ ಕಾರ್, ಮೈ ಫ್ರೆಂಡ್. ಏನು ನಿರೀಕ್ಷೆ ಮಾಡ್ತೀರಿ?" ಅಂತ ಶುರು ಮಾಡಿದ. ಕೊನೆಗೆ ಮೆಸೇಜ್: ಬೇರೆ ಶಾಪಿನವರು ಅಂಡರ್‌ಕೋಟ್ ಕೆರೆದಿರೋದರಿಂದ ನಮ್ಮ ವಾರಂಟಿ ಇನ್ನು ಅನ್ವಯಿಸಲ್ಲ. ಅಂದ್ರೆ ನೋಡದೇ ಇದ್ರೆ ವಾರಂಟಿ ಇದೆ, ನೋಡಿದ್ರೆ ಇಲ್ಲ! ಅವನು ಕದ್ದಿದ್ದಕ್ಕಿಂತ ಈ ಮೆಸೇಜ್ ನನಗೆ ಜಾಸ್ತಿ ಉರಿ ಹತ್ತಿಸಿದ್ದು.

ಮಿಷಿಗನ್‌ನಲ್ಲಿ ರಿಪೇರಿ ಶಾಪ್‌ಗಳು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಣಿ ಆಗಿರ್ಬೇಕು, ದೂರು ಕೊಡೋದೂ ಅಲ್ಲೇ. ಕೊಟ್ಟಿದೀನಿ. ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ 7,000 ಡಾಲರಿನ ಮಿತಿ, ನನ್ನದು ಅದನ್ನ ಯಾವಾಗಲೋ ದಾಟಿದೆ. ಅಲ್ಲಿ ಲಾಯರ್ ಬೇಕಾಗಿಲ್ಲ, ತರೋ ಹಾಗೂ ಇಲ್ಲ. ಇದಕ್ಕೆ ದೊಡ್ಡ ಕೋರ್ಟು, ಲಾಯರ್ ಫೀಸು. ಲಾಯರ್ ಜೊತೆ ಮಾತು ನಡೀತಿದೆ. ಅವರೂ ಮೊದಲು ಕೇಳಿದ್ದು, "ಚೆಕ್ ಯಾಕೆ ಕೊಟ್ರಿ?"

ನೀವು ಕೊಡೋದಾದ್ರೆ ಇಷ್ಟಾದ್ರೂ ಮಾಡಿ. ಫೋಟೋ ನಂಬಬೇಡಿ. ಫ್ಲೋರ್ ಕತ್ತರಿಸಿದ ದಿನ ನೀವೇ ಹೋಗಿ ನಿಂತ್ಕೊಂಡು ನೋಡಿ. ಬರಬೇಡಿ ಅಂದ್ರೆ ಕಾರು ವಾಪಸ್ ತಗೊಂಡು ಬನ್ನಿ. ಕತ್ತರಿಸಿ ತೆಗೆದ ಹಳೇ ತಗಡು ಕೊಡು ಅಂತ ಕೇಳಿ, ಕೊಳೆತಿದ್ರೂ ಪರವಾಗಿಲ್ಲ, ಡಿಕ್ಕಿಯಲ್ಲಿ ಹಾಕಿಸ್ಕೊಳ್ಳಿ. ನಾನು ಕೇಳಿದ್ದಕ್ಕೆ "ಗುಜರಿಗೆ ಹೋಯ್ತು" ಅಂದಿದ್ದ. ಎಲ್ಲಿ ಹೋಗುತ್ತೆ, ಕಾರಲ್ಲೇ ಇತ್ತಲ್ಲ! ಅಂಡರ್‌ಕೋಟ್ ಹೊಡೆಯೋ ಮುಂಚೆ ಬೇರೆ ಮೆಕ್ಯಾನಿಕ್‌ಗೆ ತೋರಿಸದೇ ಒಂದು ಡಾಲರೂ ಬಿಚ್ಚಬೇಡಿ. ಮೂರು ಪರ್ಸೆಂಟ್ ಹೋದ್ರೆ ಹೋಗ್ಲಿ, ಕಾರ್ಡಲ್ಲೇ ಕೊಡಿ. ಹಳೇ ಕಥೆ ಚೆನ್ನಾಗಿ ಹೇಳೋನ ಹತ್ರ ಮಾತ್ರ ಹೋಗಬೇಡಿ, ನನಗಂತೂ ಕಟಾಯಾಮಾ ಹೆಸರು ಕೇಳಿದ್ರೇ ಈಗ ಮೈ ಉರಿಯುತ್ತೆ. ಪಾಪ, ಆ ಮನುಷ್ಯ ಏನು ಮಾಡಿದ್ರು.

ಕಾರು ಈಗ ಆ ಹಿರಿಯ ಮೆಕ್ಯಾನಿಕ್ ಹತ್ರ ಇದೆ. ಬಾಗಿಲು ಬಿಚ್ಚೋ ಮುಂಚೆ ಒಳಗೆ ಅಡ್ಡಪಟ್ಟಿ ಹಾಕಿ ಬಿಗಿದಿದ್ದಾರೆ, ಇಲ್ಲದಿದ್ರೆ ಬಾಡಿ ಬಾಗುತ್ತಂತೆ. ಡ್ರೈ ಐಸ್ ಸುರಿದು ಆ ಡಾಂಬರಿನ ಹಾಳೆ ಎಬ್ಬಿಸಿದ್ರು. ಮೊದಲಿನವನು ಅದನ್ನೂ ಮುಟ್ಟಿರ್ಲಿಲ್ಲ. ದೂರು ನಡೀತಿರೋದರಿಂದ ಶಾಪಿನ ಹೆಸರು ಇಲ್ಲಿ ಹಾಕಲ್ಲ. ಓಕ್‌ಲ್ಯಾಂಡ್ ಕೌಂಟಿ ಕಡೆ ಯಾರಾದ್ರೂ ಜಪಾನಿ ಹಳೇ ಕಾರು ಕೊಡೋಕೆ ಹೊರಟಿದ್ರೆ ಅಡ್ವಾನ್ಸ್ ಕೊಡೋ ಮುಂಚೆ ನನಗೆ ಒಂದು ಮೆಸೇಜ್ ಹಾಕಿ, ಅವನೋ ಅಲ್ಲವೋ ಅಂತ ಹೇಳ್ತೀನಿ. ನೀಲಿ ಬಣ್ಣದ 280ಝೀ ಅವನ ಹತ್ರ ಮಾಡಿಸಿದೋರು ಯಾರಾದ್ರೂ ಇದನ್ನ ಓದ್ತಿದ್ರೆ ನೀವೂ ದಯವಿಟ್ಟು ಬರೀರಿ, ನಿಮ್ಮ ಫ್ಲೋರ್ ಫೋಟೋ ನನ್ನ ಹತ್ರ ಇದೆ.