ಒಂದೇ ವರ್ಷದಲ್ಲಿ ಎರಡು ಆಲ್ಬಂ: ದಿ ನ್ಯಾಷನಲ್‌ನ ಯಾವುದನ್ನು ಮೊದಲು ಕೇಳಬೇಕು?

ಹಳೆಯ ಬ್ಯಾಂಡುಗಳು ಸಾಮಾನ್ಯವಾಗಿ ಮೂರ್ನಾಲ್ಕು ವರ್ಷಕ್ಕೊಂದು ಆಲ್ಬಂ ಕೊಡುತ್ತವೆ. ಅಮೆರಿಕದ ರಾಕ್ ಬ್ಯಾಂಡು ದಿ ನ್ಯಾಷನಲ್ 2023ರಲ್ಲಿ ಎರಡು ಕೊಟ್ಟಿತು. ಏಪ್ರಿಲ್‌ನಲ್ಲಿ ‘ಫಸ್ಟ್ ಟೂ ಪೇಜಸ್ ಆಫ್ ಫ್ರಾಂಕನ್‌ಸ್ಟೈನ್’ ಬಂತು. ಅದರ ಗುಂಗಿನಲ್ಲಿದ್ದಾಗಲೇ ಸೆಪ್ಟೆಂಬರ್‌ನಲ್ಲಿ ‘ಲಾಫ್ ಟ್ರ್ಯಾಕ್’. ಈ ಎರಡನೆಯದನ್ನು ತಮ್ಮೂರು ಸಿನ್ಸಿನಾಟಿಯಲ್ಲಿ ತಾವೇ ನಡೆಸಿದ ಹೋಮ್‌ಕಮಿಂಗ್ ಸಂಗೀತ ಹಬ್ಬದಲ್ಲಿ ಘೋಷಿಸಿ, ಎರಡು ಮೂರು ದಿನದಲ್ಲೇ ಬಿಟ್ಟರು.

ಹೊಸಬರಿಗೆ ಪರಿಚಯ ಚುಟುಕಾಗಿ. 1999ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಬ್ಯಾಂಡು. ಐದು ಜನ, ಎಲ್ಲರೂ ಮೂಲತಃ ಸಿನ್ಸಿನಾಟಿಯವರು. ಮಂದ್ರದ ದನಿಯಲ್ಲಿ ಗೊಣಗಿದಂತೆ ಹಾಡುವ ಮ್ಯಾಟ್ ಬರ್ನಿಂಜರ್, ಅವಳಿಗಳಾದ ಆರನ್ ಮತ್ತು ಬ್ರೈಸ್ ಡೆಸ್ನರ್, ಇನ್ನೊಂದು ಅಣ್ಣತಮ್ಮಂದಿರ ಜೋಡಿ ಸ್ಕಾಟ್ ಮತ್ತು ಡ್ರಮ್ಸ್ ನುಡಿಸುವ ಬ್ರಯನ್ ಡೆವೆನ್‌ಡಾರ್ಫ್. ಮಧ್ಯವಯಸ್ಸಿನ ಬೇಸರ, ಮದುವೆಯ ಕಿರಿಕಿರಿ, ನಿದ್ದೆ ಬಾರದ ರಾತ್ರಿ: ಇವೇ ಇವರ ವಸ್ತು. ಅದು ನಿಮಗೆ ಹಿಡಿಸದಿದ್ದರೆ ಎರಡೂ ಆಲ್ಬಂ ಹಿಡಿಸುವುದಿಲ್ಲ, ಇಲ್ಲೇ ನಿಲ್ಲಿಸಬಹುದು.

ಹಿಡಿಸುವವರಲ್ಲಿ ಎರಡು ಪಂಗಡ. ‘ಫ್ರಾಂಕನ್‌ಸ್ಟೈನ್’ನಲ್ಲಿ ಸಾಹಿತ್ಯ ಗಟ್ಟಿ ಅನ್ನುವವರು, ‘ಲಾಫ್ ಟ್ರ್ಯಾಕ್’ನಲ್ಲೇ ಜೀವ ಇದೆ ಅನ್ನುವವರು. ನಾನು ಎರಡನ್ನೂ ಒಂದೇ ಥರ ಕೇಳಿ ನೋಡಿದೆ. ರಾತ್ರಿ ದೀಪ ಆರಿಸಿ ಹೆಡ್‌ಫೋನ್‌ನಲ್ಲಿ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ ಕಟ್ಟೆ ಮೇಲಿಟ್ಟ ಫೋನಿನ ಸ್ಪೀಕರಿನಲ್ಲಿ. ಕೊನೆಯದು ಅನ್ಯಾಯದ ಪರೀಕ್ಷೆ, ಒಪ್ಪುತ್ತೇನೆ. ಆದರೆ ನಾವೆಲ್ಲ ಹಾಡು ಜಾಸ್ತಿ ಕೇಳುವುದು ಹಾಗೇ ಅಲ್ವಾ?

ಮೊದಲು ರಾತ್ರಿಯ ಮಾತು. ಇಲ್ಲಿ ‘ಫ್ರಾಂಕನ್‌ಸ್ಟೈನ್’ ಸಲೀಸಾಗಿ ಗೆಲ್ಲುತ್ತದೆ. ಅದು ಹುಟ್ಟಿದ ರೀತಿಯೂ ಇದಕ್ಕೆ ಕಾರಣ. ಕೋವಿಡ್ ನಂತರ ಬರ್ನಿಂಜರ್ ಖಿನ್ನತೆಗೆ ಬಿದ್ದಿದ್ದ. ಬರೆಯಲು ಕೂತರೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಬ್ಯಾಂಡಿನ ಕಥೆ ಇಷ್ಟಕ್ಕೇ ಮುಗಿಯಿತೇನೋ ಅನ್ನುವ ಹಂತವೂ ಬಂದಿತ್ತು. ಕಪಾಟಿನಿಂದ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿ ಎಳೆದುಕೊಂಡು ಮೊದಲ ಪುಟಗಳನ್ನು ತಿರುವಿದಾಗ ಕಿಡಿ ಹತ್ತಿತಂತೆ. ಆಲ್ಬಂನ ಹೆಸರು ಬಂದಿದ್ದು ಅಲ್ಲಿಂದ.

‘ಯೂಕಲಿಪ್ಟಸ್’ ಹಾಡನ್ನೇ ತಗೊಳ್ಳಿ. ಜೋಡಿಯೊಂದು ಬೇರೆಯಾಗುತ್ತಿದೆ, ಮನೆ ಸಾಮಾನು ಹಂಚಿಕೆ ನಡೆಯುತ್ತಿದೆ. ಗಿಡ ಯಾರಿಗೆ, ತೊಳೆಸದೆ ಉಳಿದ ಕ್ಯಾಮೆರಾ ರೀಲು ಯಾರಿಗೆ, ಕೌಬಾಯ್ ಜಂಕೀಸ್ ಬ್ಯಾಂಡಿನ ಹಾಡುಗಳು ಯಾರಿಗೆ. ಅವನು ಜಗಳ ಆಡುವುದಿಲ್ಲ, ಎಲ್ಲಾ ನೀನೇ ಇಟ್ಕೋ ಅನ್ನುತ್ತಾನೆ. ಒಂದೊಂದು ವಸ್ತುವಿನ ಹೆಸರು ಬಂದಾಗಲೂ ಪ್ರಶ್ನೆಯ ಧಾಟಿ ಒಂದು ಮೆಟ್ಟಿಲು ಮೇಲೇರುತ್ತದೆ. ಅಳು ಎಂಬ ಮಾತೇ ಇಲ್ಲ, ಆದರೂ ಗಂಟಲು ಕಟ್ಟುತ್ತದೆ. ಮುಂದಿನ ‘ನ್ಯೂ ಆರ್ಡರ್ ಟಿ-ಶರ್ಟ್’ ಕೂಡ ಇಂಥದ್ದೇ ಪಟ್ಟಿ, ಈ ಸಲ ನೆನಪುಗಳದ್ದು. ಕೆಂಟಕಿಯ ಮೀನುಮನೆಯ ಮೂಲೆಯಲ್ಲಿ ಶಾರ್ಕ್ ಜೊತೆ ಮಾತಾಡುತ್ತಿದ್ದ ಹುಡುಗಿಯೊಬ್ಬಳು ಅದರಲ್ಲಿದ್ದಾಳೆ. ಸಿನ್ಸಿನಾಟಿಯಿಂದ ಓಹಾಯೊ ನದಿ ದಾಟಿದರೆ ಕೆಂಟಕಿ, ಅಂದರೆ ಇವರ ಪಕ್ಕದ ರಾಜ್ಯ. ಇಂಥ ಸಣ್ಣ ವಿವರ ಬರೆಯುವುದರಲ್ಲಿ ಬರ್ನಿಂಜರ್‌ನನ್ನು ಮೀರಿಸುವವರು ಕಡಿಮೆ.

ಈಗ ಇದೇ ಆಲ್ಬಂ ಬಸ್ಸಿಗೆ ತನ್ನಿ. ಇಂಜಿನ್ನಿನ ಸದ್ದಿಗೆ ಮಂದ್ರದ ದನಿ ಕರಗಿಹೋಗುತ್ತದೆ, ಪಿಯಾನೊ ಅಲ್ಲೊಂದು ಇಲ್ಲೊಂದು ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ತಕರಾರು ತಾಳದ್ದು. ಬಹಳಷ್ಟು ಕಡೆ ಡ್ರಮ್ ಮಷಿನ್ ಕೆಲಸ ಮಾಡುತ್ತಿದೆ. ಅಚ್ಚುಕಟ್ಟು, ಅಷ್ಟೇ. ಇವರ 2007ರ ಆಲ್ಬಂ ‘ಬಾಕ್ಸರ್’ ಕೇಳಿದವರಿಗೆ ಗೊತ್ತು, ಈ ಬ್ಯಾಂಡಿನ ಅರ್ಧ ಬಲ ಬ್ರಯನ್‌ನ ಕೈಯಲ್ಲಿದೆ. ಅಂಥವನನ್ನು ಮೂಲೆಗೆ ಕೂರಿಸಿದ್ದು ಯಾಕೋ! ‘ಟ್ರಾಪಿಕ್ ಮಾರ್ನಿಂಗ್ ನ್ಯೂಸ್’ ಬಂದಾಗ ಮಾತ್ರ ಕಿಟಕಿ ತೆರೆದಂತಾಗುತ್ತದೆ. ದಿನವಿಡೀ ಫೋನಿನಲ್ಲಿ ಕೆಟ್ಟ ಸುದ್ದಿ ಉಜ್ಜುತ್ತಾ ಕೂರುವ ಚಟಕ್ಕೆ ಬರ್ನಿಂಜರ್‌ನ ಹೆಂಡತಿ ಕ್ಯಾರಿನ್ ಬೆಸರ್ ಇಟ್ಟ ತಮಾಷೆಯ ಹೆಸರು ಅದು. ಹಾಡಿಗೆ ಓಟ ಇದೆ, ಡ್ರಮ್ಸ್‌ಗೆ ಉಸಿರು ಇದೆ.

‘ಲಾಫ್ ಟ್ರ್ಯಾಕ್’ ತೆರೆದರೆ ಆ ಕಿಟಕಿ ಮುಚ್ಚುವುದೇ ಇಲ್ಲ. ವಿಚಿತ್ರ ಅಂದರೆ ಇದರ ಬಹುಪಾಲು ಹಾಡುಗಳು ಹುಟ್ಟಿದ್ದು ‘ಫ್ರಾಂಕನ್‌ಸ್ಟೈನ್’ ಮಾಡುತ್ತಿದ್ದ ಹೊತ್ತಿನಲ್ಲೇ. ವ್ಯತ್ಯಾಸ ಇಷ್ಟೇ: ನಡುವೆ ಬ್ಯಾಂಡು ಊರೂರು ತಿರುಗಿ ವೇದಿಕೆ ಮೇಲೆ ನುಡಿಸಿತು, ಕೈ ಪಳಗಿತು. ಬ್ರಯನ್ ಮತ್ತೆ ನಡುವಿಗೆ ಬಂದ.

‘ಸ್ಪೇಸ್ ಇನ್ವೇಡರ್’ ಕೇಳಿ. ರೆಕಾರ್ಡಿನ ಕವರಿನೊಳಗೆ ಪತ್ರ ಸೇರಿಸಿ ಕೊಡದೇ ಇದ್ದಿದ್ದರೆ ನಮ್ಮ ಕಥೆ ಏನಾಗುತ್ತಿತ್ತು ಅಂತ ಒಬ್ಬ ಯೋಚಿಸುತ್ತಾನೆ. ಅರ್ಧದವರೆಗೆ ಇದು ಸುಮ್ನೆ ಒಂದು ಒಳ್ಳೆ ಹಾಡು. ಆಮೇಲೆ ಬೆಳಗಿನ ಜಾವ ನಾಲ್ಕೂಕಾಲರ ಒಂದು ಮಾತನ್ನು ಅವನು ಮತ್ತೆ ಮತ್ತೆ ಹೇಳತೊಡಗುತ್ತಾನೆ, ಹಿಂದೆ ಡ್ರಮ್ಸ್ ಏರತೊಡಗುತ್ತದೆ. ಏರುತ್ತದೆ, ಇನ್ನೂ ಏರುತ್ತದೆ, ಕೊನೆಗೆ ದನಿ ಮರೆಯಾಗಿ ತಾಳ, ಗಿಟಾರು ಎರಡೇ ಉಳಿಯುತ್ತವೆ. ಬಸ್ಸಿನಲ್ಲಿ ಇಂಜಿನ್ನನ್ನೂ ಮೀರಿಸಿ ಕೇಳಿಸಿತು. ಪಾತ್ರೆ ತೊಳೆಯುವಾಗಲೂ ಅಷ್ಟೆ, ಕೈ ತಾನಾಗಿ ನಿಂತಿತು.

ಕೊನೆಯ ‘ಸ್ಮೋಕ್ ಡಿಟೆಕ್ಟರ್’ ಸ್ಟುಡಿಯೊದ್ದಲ್ಲ, ವ್ಯಾಂಕೂವರ್‌ನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಸೌಂಡ್‌ಚೆಕ್ ಹೊತ್ತಿನಲ್ಲಿ ಹಿಡಿದದ್ದು. ಎಂಟು ನಿಮಿಷದ ಹತ್ತಿರ ಇದೆ. ಬರ್ನಿಂಜರ್ ಹಾಡುವುದಕ್ಕಿಂತ ಬಡಬಡಿಸುತ್ತಾನೆ, ಗಿಟಾರು ಕೆರೆಯುತ್ತದೆ. ಇಷ್ಟು ಅಸ್ತವ್ಯಸ್ತ ಹಾಡು ‘ಫ್ರಾಂಕನ್‌ಸ್ಟೈನ್’ನಲ್ಲಿ ಹುಡುಕಿದರೂ ಸಿಗುವುದಿಲ್ಲ. ನನಗೆ ಎರಡೂ ಆಲ್ಬಂಗಳಲ್ಲಿ ಅತಿ ಇಷ್ಟವಾದದ್ದು ಇದೇ. ಮನೆಯವರಿಗೆ ಅತಿ ಕಿರಿಕಿರಿಯಾದದ್ದೂ ಇದೇ.

ಅತಿಥಿಗಳ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ‘ಫ್ರಾಂಕನ್‌ಸ್ಟೈನ್’ನಲ್ಲಿ ಟೇಲರ್ ಸ್ವಿಫ್ಟ್ ಇದ್ದಾರೆ, ‘ದಿ ಆಲ್ಕಾಟ್’ನಲ್ಲಿ. ಆರನ್ 2020ರಲ್ಲಿ ಅವರ ‘ಫೋಕ್‌ಲೋರ್’ಗೆ ಕೆಲಸ ಮಾಡಿದ್ದರಿಂದ ಬೆಳೆದ ನಂಟು. ಹಾಡು ಚೆನ್ನಾಗಿದೆ, ಬೆಣ್ಣೆಯಂತೆ ಜಾರುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ. ಗಾಯಕಿ ಫೀಬಿ ಬ್ರಿಜರ್ಸ್ ಎರಡೂ ಕಡೆ ಇದ್ದಾರೆ. ‘ಲಾಫ್ ಟ್ರ್ಯಾಕ್’ನ ‘ಕ್ರಂಬಲ್’ನಲ್ಲಿ ಕಂಟ್ರಿ ಗಾಯಕ ಜಾನಿ ಕ್ಯಾಶ್ ಮಗಳು ರೋಸೆನ್ ಕ್ಯಾಶ್ ಹಾಡಿದ್ದಾರೆ. ಆ ಪಳಗಿದ ದನಿ ಬರ್ನಿಂಜರ್‌ಗೆ ಎಲ್ಲರಿಗಿಂತ ಚೆನ್ನಾಗಿ ಹೊಂದುತ್ತದೆ.

‘ಲಾಫ್ ಟ್ರ್ಯಾಕ್’ಗೂ ಕೊರತೆ ಇದೆ. ಹನ್ನೆರಡು ಹಾಡು, ಒಂದು ಗಂಟೆಯ ಹತ್ತಿರ. ‘ಹಾರ್ನೆಟ್ಸ್’ನಿಂದ ‘ಟೂರ್ ಮ್ಯಾನೇಜರ್’ವರೆಗೆ ನಡುಭಾಗ ಎಳೆಯುತ್ತದೆ. ಹನ್ನೊಂದು ಹಾಡಿನ ‘ಫ್ರಾಂಕನ್‌ಸ್ಟೈನ್’ ಮುಕ್ಕಾಲು ಗಂಟೆಗೆ ಮುಗಿಯುತ್ತದೆ, ಆದರೂ ಅದರ ಕೊನೆಯ ಮೂರು ಹಾಡು ಬಂದಾಗ ನಾನು ಗಡಿಯಾರ ನೋಡುತ್ತೇನೆ.

ಒಬ್ಬರೇ ಕೂತು ಸಾಹಿತ್ಯದ ಮೇಲೆ ಗಮನ ಇಟ್ಟು ಕೇಳುವವರು ‘ಫ್ರಾಂಕನ್‌ಸ್ಟೈನ್’ನ ಮೊದಲ ಐದು ಹಾಡಿನಿಂದ ಶುರು ಮಾಡಿ. ಓಡಾಡುತ್ತಾ ಕೇಳುವವರಿಗೆ, ರಾಕ್ ಅಂದರೆ ಮೊದಲು ಡ್ರಮ್ಸ್ ಅನ್ನುವವರಿಗೆ ‘ಲಾಫ್ ಟ್ರ್ಯಾಕ್’. ಯಾವುದಾದರೂ ಒಂದನ್ನೇ ಇಟ್ಟುಕೋ ಅಂದರೆ ನನ್ನ ಓಟು ‘ಲಾಫ್ ಟ್ರ್ಯಾಕ್’ಗೆ. ಆದರೆ ‘ಯೂಕಲಿಪ್ಟಸ್’ ಒಂದನ್ನು ಕದ್ದು ಅದರೊಳಗೆ ಸೇರಿಸಿಕೊಳ್ಳುತ್ತೇನೆ, ‘ಸ್ಪೇಸ್ ಇನ್ವೇಡರ್’ಗೆ ಸರಿಯಾಗಿ ಒಂದು ಹಾಡು ಮುಂಚೆ.