ಎಂಜಿನ್ ಬದಲಾದ ಕಾರು: ಡೀಲರ್‌ಗೆ ಕೊಡೋದಾ, ನೇರವಾಗಿ ಮಾರೋದಾ?

ಚಿಕ್ಕಮಗಳೂರಲ್ಲಿ ಇಂಥ ಕಾರು ಮಾರಲು ಎರಡು ದಾರಿ. ಯಾವುದೇ ಇರಲಿ, ಮೊದಲು ಹೊಸ ಎಂಜಿನ್ ನಂಬರನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಹತ್ತಿಸಿ. ಎಂಜಿನ್ ಬ್ಲಾಕ್ ಮೇಲೆ ಒಂದು ನಂಬರ್, ಆರ್‌ಸಿಯಲ್ಲಿ ಇನ್ನೊಂದು ಇದ್ದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ತುಂಬಿಯೂ ತಲೆನೋವೇ.

ಡೀಲರ್ ಆದರೆ ಬೇಗ ಮುಗಿಯುತ್ತದೆ. ಆದರೆ ‘ಎಂಜಿನ್ ಬಿಚ್ಚಿದ ಗಾಡಿ’ ಅಂತ ಚೌಕಾಸಿ ಜಾಸ್ತಿ.

ನೇರವಾಗಿ ಮಾರಿದರೆ ಸಮಯ ಹಿಡಿಯುತ್ತದೆ, ಸುಮ್ನೆ ನೋಡಿ ಹೋಗುವವರೂ ಬರುತ್ತಾರೆ. ಆದರೆ ಬಿಲ್, ವಾರಂಟಿ ಚೀಟಿ, ಎಷ್ಟು ಕಿಲೋಮೀಟರಿಗೆ ಎಂಜಿನ್ ಬದಲಾಯಿತು ಅನ್ನೋದನ್ನು ಮುಂದಿಟ್ಟು ಮಾತಾಡಬಹುದು. ಕೊಳ್ಳುವವರಿಗೆ ಕೈಮರದ ಕಡೆ ಏರಿನಲ್ಲಿ ಓಡಿಸಲು ಕೊಡಿ. ಹೊಗೆ ಬರುತ್ತಾ, ಟೆಂಪರೇಚರ್ ಮುಳ್ಳು ಏರುತ್ತಾ, ಅವರೇ ನೋಡಲಿ.

ಹೊಸ ಎಂಜಿನ್, ಕೈಯಲ್ಲಿ ಬಿಲ್ ಇದ್ದರೆ ನನ್ನ ಓಟು ನೇರ ಮಾರಾಟಕ್ಕೇ. ಹಳೇ ಎಂಜಿನ್ ಕೂರಿಸಿ, ಬಿಲ್ಲೂ ಇಲ್ಲ ಅಂದ್ರೆ ಡೀಲರೇ ಸರಿ. ಅವರಿಗೂ ವಿಷಯ ಮುಚ್ಚಿಡಬೇಡಿ.